ಒಂದು ಅಡಿ ಏರಲು 12 ಅಡಿ ಹಾದಿ

ನೆಲದಿಂದ ಮನೆಯ ಅಥವಾ ಅಂಗಡಿಯ ಒಳಮಟ್ಟಕ್ಕೆ ಮೆಟ್ಟಿಲಿಲ್ಲದೆ ಏರಿಹೋಗಲು ಕಟ್ಟುವ ಇಳಿಜಾರು ಹಾದಿಯನ್ನು ರ‍್ಯಾಂಪ್ ಎನ್ನುತ್ತಾರೆ. ಕರ್ನಾಟಕದ ನಗರಗಳಲ್ಲಿ ಗೇಟಿನ ಮುಂದೆ ಸ್ಕೂಟರು, ಕಾರು ಹತ್ತಿಸಲು ಹಾಕಿಸುವ ಗಿಡ್ಡನೆಯ ಕಡಿದಾದ ಸಿಮೆಂಟ್ ಇಳುಕಲನ್ನೇ ರ‍್ಯಾಂಪ್ ಎಂದು ತಿಳಿದವರು ಅನೇಕರಿದ್ದು, ಗಾಲಿಕುರ್ಚಿಗೆ ದಾರಿ ಮಾಡಬೇಕಾದಾಗಲೂ ಮೆಟ್ಟಿಲಿನ ಪಕ್ಕದಲ್ಲಿ ಅದೇ ಮಾದರಿಯನ್ನು ಕಟ್ಟಿಬಿಡುವುದುಂಟು. ಎಂಜಿನ್ನಿನ ಬಲದಿಂದ ಏರುವ ವಾಹನಕ್ಕೆ ಸಾಕಾಗುವ ಇಳಿಜಾರು, ತೋಳಿನ ಬಲದಿಂದ ಏರಬೇಕಾದ ಮನುಷ್ಯನಿಗೆ ಮೆಟ್ಟಿಲಿಗಿಂತಲೂ ಹೆಚ್ಚು ಅಪಾಯಕಾರಿ. ಏಕೆಂದರೆ ಮೆಟ್ಟಿಲು ಗಾಲಿಕುರ್ಚಿಯನ್ನು ಕೆಳಗೇ ತಡೆದು ನಿಲ್ಲಿಸುತ್ತದೆ, ತಪ್ಪಾಗಿ ಕಟ್ಟಿದ ರ‍್ಯಾಂಪಾದರೋ ಅದನ್ನು ಅರ್ಧ ದಾರಿಯವರೆಗೆ ಬಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಉರುಳಿಸುತ್ತದೆ.

ಆದ್ದರಿಂದ ರ‍್ಯಾಂಪಿನ ವಿಷಯದಲ್ಲಿ ಮೊದಲು ಮಾಡಬೇಕಾದುದು ಏರಿಕೆಗೂ ಉದ್ದಕ್ಕೂ ಇರುವ ಅನುಪಾತದ ಲೆಕ್ಕ. ಭಾರತದಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿಗಳು ಒಪ್ಪುವ ಮಿತಿ 1:12, ಅಂದರೆ ಒಂದು ಅಡಿ ಮೇಲೇರಲು ಹಾದಿ ಕನಿಷ್ಠ 12 ಅಡಿ ಉದ್ದ ಚಾಚಿರಬೇಕು. ಜಾಗವಿದ್ದರೆ 15 ಅಥವಾ 20 ಅಡಿ ಇದ್ದಷ್ಟೂ ಒಳ್ಳೆಯದು. ಕುಳಿತವರೂ ಕುರ್ಚಿಯೂ ಸೇರಿ 90 ಕಿಲೋ ತೂಗುವುದಾದರೆ, 1:12ರ ಏರಿನಲ್ಲಿ ಜಾರದೆ ನಿಲ್ಲಲು ಸುಮಾರು ಏಳೂವರೆ ಕಿಲೋ ತೂಕ ಎತ್ತುವಷ್ಟು ಬಲ ಬೇಕು. ನಾಲ್ಕು ಅಡಿಗೇ ಒಂದು ಅಡಿ ಏರಿಬಿಡುವ ಗೇಟಿನ ಇಳುಕಲಿನಲ್ಲಿ ಅದು ಸುಮಾರು 22 ಕಿಲೋಗೆ ಮುಟ್ಟುತ್ತದೆ. ತಾವೇ ಚಕ್ರ ತಿರುಗಿಸಿಕೊಂಡು ಹೋಗುವವರು ಪ್ರತಿ ಸಲ ತಳ್ಳಿದ ಮೇಲೆ ಕೈಬಿಟ್ಟು, ಚಕ್ರದ ಅಂಚನ್ನು ಮತ್ತೆ ಹಿಂದಿನಿಂದ ಹಿಡಿಯಬೇಕಾಗುತ್ತದೆ. ಕಡಿದಾದ ಏರಿನಲ್ಲಿ ಕುರ್ಚಿ ಹಿಂದಕ್ಕೆ ಜಾರುವುದು ಆ ಕ್ಷಣದಲ್ಲೇ. ಜೊತೆಗೆ ಕುರ್ಚಿಯ ಭಾರಕೇಂದ್ರ ಹಿಂದಿನ ದೊಡ್ಡ ಚಕ್ರಗಳ ಅಚ್ಚಿಗೆ ಹತ್ತಿರವಿರುವುದರಿಂದ ಏರು ಹೆಚ್ಚಿದಂತೆ ಮುಂದಿನ ಪುಟ್ಟ ಗಾಲಿಗಳು ನೆಲ ಬಿಟ್ಟೇಳುತ್ತವೆ, ಕುಳಿತವರು ತಲೆಯ ಹಿಂಭಾಗ ಬಡಿಯುವಂತೆ ಬೀಳುತ್ತಾರೆ.

ಬೆಂಗಳೂರಿನಂಥ ಊರಿನ 30 ಅಡಿಗೆ 40 ಅಡಿಯ ನಿವೇಶನದಲ್ಲಿ ಈ ಲೆಕ್ಕ ಎಷ್ಟು ಜಾಗ ಬೇಡುತ್ತದೆ ಎಂಬುದನ್ನು ನೋಡಬೇಕು. ನೆಲದಿಂದ ಮೇಲೆದ್ದು ಕಾಣುವ ಪಾಯದ ಭಾಗಕ್ಕೆ ಪ್ಲಿಂತ್ ಎನ್ನುತ್ತಾರೆ. ಅದು ಆರು ಅಂಗುಲದ ಮೂರು ಮೆಟ್ಟಿಲುಗಳಷ್ಟು, ಅಂದರೆ ಒಂದೂವರೆ ಅಡಿ ಎತ್ತರವಿದ್ದರೆ 18 ಅಡಿ ಇಳಿಜಾರು ಬೇಕು; ಅದರ ಬುಡದಲ್ಲೂ ತುದಿಯಲ್ಲೂ ಕುರ್ಚಿ ನಿಂತು ತಿರುಗಲು ತಲಾ ಐದು ಅಡಿ ಚೌಕದ ಸಮತಟ್ಟು ಜಾಗ ಸೇರಿದರೆ ಒಟ್ಟು 28 ಅಡಿಯಾಗುತ್ತದೆ. ಅಗಲ ನಾಲ್ಕು ಅಡಿಗೆ ಕಡಿಮೆಯಿರಬಾರದು. ಮನೆ ಕಟ್ಟಿ ಮುಗಿಸಿ, ಮನೆಯವರೊಬ್ಬರಿಗೆ ಪಾರ್ಶ್ವವಾಯು ಬಡಿದ ಮೇಲೆ ಈ ಜಾಗವನ್ನು ಹುಡುಕಲು ಹೊರಟರೆ ಸಿಗುವುದು ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರಡಿಯ ಸಂದು ಮಾತ್ರ. ಹೀಗಾಗಿ ರ‍್ಯಾಂಪಿನ ತೀರ್ಮಾನ ನಕ್ಷೆ ಬರೆಸುವಾಗಲೇ, ಪಾಯದ ಎತ್ತರ ಗೊತ್ತುಮಾಡುವಾಗಲೇ ಆಗಬೇಕು. ಪ್ಲಿಂತನ್ನು ಅರ್ಧ ಅಡಿ ತಗ್ಗಿಸಿದರೆ ಆರು ಅಡಿ ಹಾದಿ ಉಳಿಯುತ್ತದೆ. ಮಳೆನೀರು ನುಗ್ಗುವ ತಗ್ಗು ಬಡಾವಣೆಗಳಲ್ಲಿ ಹಾಗೆ ತಗ್ಗಿಸುವುದು ಸಲ್ಲದಾದುದರಿಂದ, ಅಲ್ಲಿ ಗೇಟಿನಿಂದಲೇ ಅಂಗಳವನ್ನು ತುಸುತುಸುವಾಗಿ ಏರಿಸಿಕೊಂಡು ಬರುವುದು, ಇಲ್ಲವೇ ಹಾದಿಯನ್ನು ಮೂಲೆಯಲ್ಲಿ ತಿರುಗಿಸಿ ತಿರುವಿನಲ್ಲೂ ಐದಡಿ ಚೌಕ ಬಿಡುವುದು ಉಚಿತ. ತಿರುವನ್ನೇ ಇಳಿಜಾರಾಗಿ ಕಟ್ಟಿದರೆ ನಾಲ್ಕು ಗಾಲಿಗಳು ಒಂದೇ ಮಟ್ಟದಲ್ಲಿ ಊರದೆ ಕುರ್ಚಿ ಓಲಾಡುತ್ತದೆ.

ಮೇಲ್ಮೈಯ ವಿಷಯದಲ್ಲಿ ಅಂದಕ್ಕಿಂತ ಹಿಡಿತ ಮುಖ್ಯ. ಪಾಲಿಶ್ ಮಾಡಿದ ಗ್ರಾನೈಟ್ ಒದ್ದೆಯಾದಾಗ ಜಾರುತ್ತದೆ. ಅದರ ಬದಲು ಒರಟು ಕಲ್ಲನ್ನು ಹಾಸುವುದು, ಅಥವಾ ಸಿಮೆಂಟು ಹಸಿಯಿರುವಾಗಲೇ ಗಟ್ಟಿ ಪೊರಕೆಯಿಂದ ಹಾದಿಗೆ ಅಡ್ಡಲಾಗಿ ಗೆರೆ ಎಳೆಯುವುದು ಅಗ್ಗವೂ ಹೌದು, ಕ್ಷೇಮವೂ ಹೌದು. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ಮಳೆಗಾಲದ ಪಾಚಿ ಆ ಗೆರೆಗಳನ್ನೂ ಮುಚ್ಚಿಬಿಡುವುದರಿಂದ ಮೇಲೊಂದು ಮಾಡು ಇಳಿಸುವುದು ಅಲ್ಲಿ ಅಗತ್ಯವೆಂದೇ ತಿಳಿಯಬೇಕು. ಬುಡದಲ್ಲಿ ನೀರು ಹರಿಯಲು ಜಾಲರಿ ಹಾಕುವುದಾದರೆ ಅದರ ಸಂದು ಅರ್ಧ ಅಂಗುಲಕ್ಕಿಂತ ಹೆಚ್ಚಿರಕೂಡದು, ಸರಳುಗಳು ಹಾದಿಗೆ ಅಡ್ಡಲಾಗಿರಬೇಕು; ಇಲ್ಲವಾದರೆ ಮುಂದಿನ ಗಾಲಿ ಸಿಕ್ಕಿಕೊಂಡು ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಎರಡೂ ಬದಿಗೆ, ಸುಮಾರು 90 ಮತ್ತು 70 ಸೆಂಟಿಮೀಟರ್ ಎತ್ತರದಲ್ಲಿ, ಮುಷ್ಟಿಯಲ್ಲಿ ಹಿಡಿಯಬಹುದಾದ ದುಂಡನೆಯ ಕಂಬಿಗಳೂ, ಗಾಲಿ ಅಂಚಿನಿಂದ ಜಾರದಂತೆ ತಡೆಯುವ ಗಿಡ್ಡ ಕಟ್ಟೆಯೂ ಇರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಬಾಗಿಲ ಬಳಿ ಕೆಲಸ ಕೆಡುವುದುಂಟು. ಹೊರಕ್ಕೆ ತೆರೆಯುವ ಬಾಗಿಲಿನ ಮುಂದೆ ಸಮತಟ್ಟು ಜಾಗವಿಲ್ಲದಿದ್ದರೆ, ಇಳಿಜಾರಿನಲ್ಲೇ ನಿಂತ ವ್ಯಕ್ತಿ ಒಂದು ಕೈಯಲ್ಲಿ ಚಕ್ರ ಹಿಡಿದು ಇನ್ನೊಂದರಿಂದ ಬಾಗಿಲನ್ನು ತನ್ನ ಕಡೆಗೇ ಎಳೆದುಕೊಳ್ಳಬೇಕಾಗುತ್ತದೆ, ಅದು ಆಗದ ಮಾತು. ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುವ ಮನೆಗಳಲ್ಲಿ ಅದನ್ನು ತೆಗೆಸಲು ಮನಸ್ಸು ಬಾರದಿರುವುದು ಸಹಜ. ತೆಗೆಸಲೂ ಬೇಕಿಲ್ಲ, ಎರಡು ಅಂಗುಲದ ಹೊಸ್ತಿಲಾದರೆ ಒಳಗೂ ಹೊರಗೂ ಎರಡೆರಡು ಅಡಿ ಉದ್ದದ ಓರೆ ಹಲಗೆಗಳನ್ನು ಅದಕ್ಕೆ ಸೇರಿಸಿ, ಅಲುಗದಂತೆ ಕೂರಿಸಿದರೆ ಸಾಕು.

ಚರಂಡಿಯ ಮೇಲೆ ಚಪ್ಪಡಿ ಹಾಸಿ ಮೆಟ್ಟಿಲು ಕಟ್ಟಿದ ಅಂಗಡಿಗಳ ಪಾಡು ಬೇರೆ. ಕಾಯಂ ರ‍್ಯಾಂಪ್ ಕಟ್ಟಿದರೆ ಅದು ಪಾದಚಾರಿ ಮಾರ್ಗದ ಮೇಲೆ ಚಾಚಿ, ದಾರಿಹೋಕರಿಗೆ ಅಡ್ಡಿಯಾಗುತ್ತದೆ. ಒಂದು ಮೆಟ್ಟಿಲಿನ ಅಂಗಡಿಗೆ ಆರು ಅಡಿಯ ಮಡಚುವ ಅಲ್ಯುಮಿನಿಯಂ ರ‍್ಯಾಂಪ್ ಸಾಕಾಗುತ್ತದೆ. ಅದರ ಜೊತೆಗೆ ಹೊರಗಿನಿಂದಲೇ ಒತ್ತಬಹುದಾದ ಕರೆಗಂಟೆಯೊಂದಿದ್ದರೆ ಗಿರಾಕಿಗಳು ಬೀದಿಯಲ್ಲಿ ನಿಂತು ಕೂಗಬೇಕಾಗುವುದಿಲ್ಲ. ಇದನ್ನು ಉಪಕಾರವೆಂದು ಎಣಿಸುವುದು ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೆಯ ಕಲಮಿನ ಪ್ರಕಾರ ಸುಗಮ್ಯತೆಯ ನಿಯಮಗಳಿಗೆ ಒಪ್ಪದ ನಕ್ಷೆಗೆ ಅನುಮತಿ ಕೊಡುವಂತಿಲ್ಲ. ಆ ನಿಯಮಗಳು ಬರಿಯ ಶಿಫಾರಸಿನಂತಿರಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪಿತ್ತಿದೆ. 2011ರ ಜನಗಣತಿಯಲ್ಲಿ ಕರ್ನಾಟಕವೊಂದರಲ್ಲೇ ಅಂಗವೈಕಲ್ಯವುಳ್ಳವರ ಸಂಖ್ಯೆ 13.24 ಲಕ್ಷವಿತ್ತು, ಊರುಗೋಲಿನವರು, ಮಂಡಿನೋವಿನ ಹಿರಿಯರು, ಮಗುವಿನ ಗಾಡಿ ತಳ್ಳುವ ತಾಯಂದಿರು ಆ ಲೆಕ್ಕದ ಹೊರಗೂ ಇದ್ದಾರೆ.

ರ‍್ಯಾಂಪ್ ಕಟ್ಟಿಸುವವರು ಮೇಸ್ತ್ರಿಯ ಕಣ್ಣಂದಾಜನ್ನು ನೆಚ್ಚದೆ, ಬುಡದಿಂದ ತುದಿಗೆ ಮಟ್ಟದ ದಾರ ಎಳೆಸಿ ಏರಿಕೆಯನ್ನೂ ಉದ್ದವನ್ನೂ ಟೇಪಿನಿಂದ ಅಳೆದು ನೋಡಬೇಕು. ಕೆಲಸ ಮುಗಿದ ಮೇಲೆ, ಪೂರ್ತಿ ಹಣ ಚುಕ್ತಾ ಮಾಡುವ ಮುನ್ನ, ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆಸಿ, ಬಿದ್ದರೆ ಹಿಡಿಯಲು ಹಿಂದೆ ಒಬ್ಬರನ್ನು ನಿಲ್ಲಿಸಿ, ಅವರು ತಾವಾಗಿಯೇ ಹತ್ತಿ ಬಾಗಿಲು ತೆರೆದು ಒಳಗೆ ಹೋಗಬಲ್ಲರೇ ಎಂದು ಪರೀಕ್ಷಿಸಬೇಕು. ಹೋಗಲಾಗದಿದ್ದರೆ ಅದನ್ನು ಒಡೆದು ಮತ್ತೆ ಕಟ್ಟಿಸುವುದೇ ಸರಿ.