ಪಾಠ ಹೇಳುವ ದಿನದವರೆಗೆ
ಬಡ ಹುಡುಗಿಯೊಬ್ಬಳಿಗೆ ಪುಸ್ತಕ ಕೊಡಿಸಿ, ಶುಲ್ಕ ಕಟ್ಟಿದರೆ ನಮ್ಮ ಕರ್ತವ್ಯವು ಮುಗಿಯಿತೆಂದು ನಾವು ಭಾವಿಸುವೆವು. ಮದರಾಸಿನ ಆರ್. ಸುಬ್ಬಲಕ್ಷ್ಮಿಯವರು ಹಾಗೆ ಭಾವಿಸಲಿಲ್ಲ. ಬಾಲ್ಯದಲ್ಲಿಯೇ ವಿಧವೆಯಾದ ಇವರನ್ನು ತಂದೆಯವರು ಓದಿಸಿದರು. 1911ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವೀಧರೆಯಾದ ಇವರು, ಮರುವರ್ಷವೇ ಬ್ರಾಹ್ಮಣ ಬಾಲವಿಧವೆಯರಿಗಾಗಿ ವಸತಿಗೃಹವೊಂದನ್ನು ತೆರೆದರು. ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರು ಸಾಲದಿದ್ದ ಕಾಲವದು. ವಸತಿಗೃಹದಲ್ಲಿ ಅನ್ನವೂ ಆಶ್ರಯವೂ ದೊರೆತವು. ಶಾಲೆಯ ಓದಿನ ತರುವಾಯ ಉಪಾಧ್ಯಾಯಿನಿಯ ತರಬೇತಿಗೂ ದಾರಿಯಾಯಿತು. ಮನೆಯ ಮೂಲೆ ಸೇರಿದ್ದವರು ಹೀಗೆ ಸ್ವಂತ ಸಂಬಳದ ಗುರುಗಳಾದರು.

ನೆರವು ನಡುದಾರಿಯಲ್ಲಿ ನಿಂತರೆ ಓದೂ ಅಲ್ಲಿಯೇ ನಿಲ್ಲುವುದು. ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹತ್ತು ಮಂದಿಗೆ ಒಂದು ವರ್ಷ ಕೊಟ್ಟು ಮರೆಯುವುದಕ್ಕಿಂತ, ಒಬ್ಬಳ ಕೈಯನ್ನು ಅವಳು ಪಾಠ ಹೇಳುವ ದಿನದವರೆಗೂ ಬಿಡದಿರಿ.