ವ್ಯಂಗ್ಯಚಿತ್ರಗಳಲ್ಲಿ ಕೃತಕ ಬುದ್ಧಿಮತ್ತೆಯ ರೂಪಕ

ಉಪಮೇಯ ಉಪಮಾನಗಳನ್ನು ಅಭೇದವಾಗಿ ಹೇಳುವುದು ರೂಪಕವೆಂಬುದು ಅಲಂಕಾರಶಾಸ್ತ್ರದ ಮತ. ಕವಿಯು ‘ಅಂತೆ’ ಎಂಬ ವಾಚಕವನ್ನು ಸೇರಿಸಿ ಉಪಮೆಗೆ ಹಿಂದಿರುಗಬಲ್ಲನು. ವ್ಯಂಗ್ಯಚಿತ್ರಕಾರನ ರೇಖೆಗೆ ಅಂತಹ ವಾಚಕವಿಲ್ಲ. ಮಂತ್ರಿಯೊಬ್ಬನನ್ನು ನರಿಯಾಗಿ ಬರೆದರೆ, ಮಂತ್ರಿಯ ಮುಖವನ್ನು ಬಲ್ಲ ಓದುಗನು ಎರಡನ್ನೂ ತೂಗಿ ನೋಡುತ್ತಾನೆ. ಕೃತಕ ಬುದ್ಧಿಮತ್ತೆಗಾದರೋ ಮುಖವೇ ಇಲ್ಲ. ಅದು ಗಣಕಗಳೊಳಗೆ ನಡೆಯುವ ಲೆಕ್ಕಾಚಾರ. ಆದುದರಿಂದ ಇಲ್ಲಿ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ. ಇದನ್ನೇ ಆಲಂಕಾರಿಕರು ರೂಪಕಾತಿಶಯೋಕ್ತಿ ಎಂದರು.

ಹೀಗೆ ನುಂಗುವ ಉಪಮಾನಗಳಲ್ಲಿ ಉಕ್ಕಿನ ಮನುಷ್ಯನೇ ಪ್ರಧಾನ. ‘ರೋಬೋಟ್’ ಎಂಬ ಮಾತು ಕಾರೆಲ್ ಚಾಪೆಕನ 1920ರ ನಾಟಕದಿಂದ ಬಂದುದು. ಅದರ ಮೂಲವಾದ ಚೆಕ್ ಶಬ್ದಕ್ಕೆ ಬಿಟ್ಟಿ ಚಾಕರಿ ಎಂದರ್ಥ. ಗುಮಾಸ್ತನ ಕುರ್ಚಿಯಲ್ಲಿ ಉಕ್ಕಿನ ಮನುಷ್ಯನು ಕುಳಿತಿರುವ ಚಿತ್ರವನ್ನು ಭಾವಿಸಿಕೊಳ್ಳೋಣ. ಕೆಲಸವನ್ನು ಕಸಿದುದು ಯಂತ್ರವೆಂದು ನಾವು ಓದುತ್ತೇವೆ. ಯಂತ್ರವನ್ನು ಅಲ್ಲಿ ಕೂರಿಸಿದ ಒಡೆಯನು ಚೌಕಟ್ಟಿನಿಂದ ಹೊರಗುಳಿಯುತ್ತಾನೆ. ಸೂತ್ರದ ಗೊಂಬೆಯ ರೂಪಕವು ಇದಕ್ಕಿಂತ ಮೇಲು. ಸೂತ್ರವು ಯಾರ ಕೈಯಲ್ಲಿದೆಯೆಂಬ ಪ್ರಶ್ನೆಯನ್ನಾದರೂ ಅದು ಎಬ್ಬಿಸುತ್ತದೆ.

ಇನ್ನೂ ಸಮೀಪದ ಉಪಮಾನವು ನಮ್ಮ ದೊಡ್ಡಬಳ್ಳಾಪುರದ ರೇಷ್ಮೆ ಮಗ್ಗಗಳಲ್ಲಿಯೇ ದೊರೆಯುತ್ತದೆ. ಅಲ್ಲಿ ಬಳಕೆಗೆ ಬಂದ ಜಕಾರ್ಡ್ ಸಾಧನವು ಫ್ರಾನ್ಸಿನಲ್ಲಿ 1804ರ ಹೊತ್ತಿಗೆ ರೂಪುಗೊಂಡುದು. ರಟ್ಟಿನಲ್ಲಿ ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಕೆಳಗುಳಿಯುತ್ತದೆ. ಸೀರೆಯ ಸೆರಗಿನಲ್ಲಿ ಹೂವು ಮೂಡುತ್ತದೆ. ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ಈ ರಟ್ಟುಗಳ ತತ್ತ್ವವನ್ನೇ ತನ್ನ ಗಣನಯಂತ್ರದ ಯೋಜನೆಗೆ ಎರವಲು ತಂದನು. ಮಗ್ಗವು ಹೂವನ್ನು ಕಲ್ಪಿಸಿತೆಂದು ಯಾವ ನೇಕಾರನೂ ಹೇಳಲಾರನು. ನಮೂನೆ ಬರೆದವನು, ರಟ್ಟು ಕೊರೆದವನು, ಹರಿದ ಎಳೆಯನ್ನು ಗಂಟಿಕ್ಕುವವಳು, ಮಗ್ಗದ ಮಾಲೀಕ ಇವರೆಲ್ಲರನ್ನೂ ಅವನು ಬಲ್ಲನು.

ಈ ರೂಪಕಕ್ಕೂ ಮಿತಿಯುಂಟು. ಮಗ್ಗದ ನಮೂನೆಯನ್ನು ಮನುಷ್ಯನು ರಂಧ್ರ ರಂಧ್ರವಾಗಿ ವಿಧಿಸುತ್ತಾನೆ. ಇಂದಿನ ಕಲಿಯುವ ಯಂತ್ರವು ಅಸಂಖ್ಯ ಬರಹ ಚಿತ್ರಗಳಿಂದ ನಮೂನೆಯನ್ನು ತಾನೇ ಹೆಕ್ಕಿಕೊಳ್ಳುತ್ತದೆ. ಆದರೆ ಆ ಬರಹ ಚಿತ್ರಗಳು ಬಹುಮಟ್ಟಿಗೆ ಮನುಷ್ಯರ ದುಡಿಮೆಯೇ. ಉಕ್ಕಿನ ಮನುಷ್ಯನು ಆ ದುಡಿಮೆಯನ್ನು ಮರೆಮಾಡುತ್ತಾನೆ. ಮಗ್ಗವು ಅದನ್ನು ತೋರಿಸುತ್ತದೆ. ತಪ್ಪಿಗೆ ಉತ್ತರ ಹೇಳಬೇಕಾದವರು ಯಾರೆಂಬುದು ಈ ವ್ಯತ್ಯಾಸವನ್ನೇ ಅವಲಂಬಿಸಿದೆ. ಆದಕಾರಣ ವಿದ್ಯಾರ್ಥಿಗಳು ವ್ಯಂಗ್ಯಚಿತ್ರವನ್ನು ಓದುವಾಗ ಅಲ್ಲಿ ಬರೆದುದನ್ನು ಮಾತ್ರವಲ್ಲದೆ, ಉಪಮಾನವು ಯಾರನ್ನು ನುಂಗಿತೆಂಬುದನ್ನೂ ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ.