ತರಗೆಲೆಯ ವೇಷದ ಪತಂಗ

ಶಿವಮೊಗ್ಗೆಯಿಂದ ಕುಂದಾಪುರದತ್ತ ಸಾಗುವ ಹಾದಿಯೊಂದು ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಘಟ್ಟವನ್ನಿಳಿಯತೊಡಗುತ್ತದೆ. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಎಡೆಗಳಲ್ಲಿ ಅದೂ ಒಂದು. ಮಳೆಗಾಲ ಕಳೆದ ಮೇಲೆ ಇಂತಹ ಕಾಡಿನ ನೆಲವನ್ನು ನೋಡಿದರೆ ಕಣ್ಣಿಗೆ ಬೀಳುವುದು ತರಗೆಲೆಗಳ ಹಾಸೊಂದೇ. ಆ ಹಾಸಿನ ನಡುವೆ ಎಲೆಯಲ್ಲದ ಎಲೆಯೊಂದು ಉಸಿರಾಡುತ್ತಿರಬಹುದೆಂದು ಯಾರು ತಾನೆ ಎಣಿಸಿಯಾರು?

ಹಣ್ಣಿನ ರಸ ಹೀರುವ ಪತಂಗವೆಂದು ತೋಟಗಾರರು ಕರೆಯುವ ಜೀವಿ ಇದು. ಸ್ವೀಡನ್ನಿನ ಲಿನೇಯಸ್ ಪಂಡಿತನು 1763ರಲ್ಲಿಯೇ ಇದನ್ನು ಗುರುತಿಸಿ ‘ಫಲೋನಿಯ’ ಎಂದು ಹೆಸರಿಟ್ಟನು. ಆಫ್ರಿಕದಿಂದ ಆಸ್ಟ್ರೇಲಿಯದವರೆಗಿನ ಉಷ್ಣವಲಯವೆಲ್ಲ ಇದರ ಬೀಡು. ನಮ್ಮ ಪಶ್ಚಿಮ ಘಟ್ಟವೂ ಅದಕ್ಕೆ ಹೊರತಲ್ಲ. ಮುಂದಿನ ರೆಕ್ಕೆಗಳ ಬಣ್ಣ ಒಣಗಿದ ಎಲೆಯ ಕಂದು. ಮೇಲೆ ಎಲೆಯ ನರಗಳನ್ನು ನೆನಪಿಸುವ ಗೆರೆಗಳು. ಆದರೆ ಆ ಮುಸುಕಿನ ಅಡಿಯಲ್ಲಿ ಕಿತ್ತಳೆ ಬಣ್ಣದ, ಕಪ್ಪು ಮಚ್ಚೆಯ ಹಿಂದಿನ ರೆಕ್ಕೆಗಳು ಅಡಗಿವೆ. ಹಕ್ಕಿಯೊಂದು ಕೆಣಕಿದಾಗ ಆ ಬಣ್ಣ ಥಟ್ಟನೆ ಹೊಳೆಯುತ್ತದೆ. ಹಕ್ಕಿ ಬೆಚ್ಚಿ ಹಿಂಜರಿದ ಕ್ಷಣದಲ್ಲಿ ಪತಂಗ ಹಾರಿ, ಬೇರೆಡೆ ಕುಳಿತು, ಮತ್ತೆ ತರಗೆಲೆಯಾಗುತ್ತದೆ ಎಂಬುದು ಪ್ರಾಣಿಶಾಸ್ತ್ರಜ್ಞರ ವಿವರಣೆ.

ಹಗಲಿನಲ್ಲಿ ಇಷ್ಟು ಸಾಧುವಾಗಿ ಕಾಣುವ ಈ ಜೀವಿ ಇರುಳಿನಲ್ಲಿ ಕಳ್ಳನಾಗುತ್ತದೆ. ಇತರ ಪತಂಗಗಳ ಮೃದುವಾದ ನಾಲಗೆ ಹೂವಿನ ಮಧುವಿಗಷ್ಟೇ ಸಾಕು. ಇದರ ನಾಲಗೆಯ ತುದಿಯಾದರೋ ಗಡುಸು, ಮುಳ್ಳುಳ್ಳದ್ದು. ಕಿತ್ತಳೆಯ ಸಿಪ್ಪೆಯನ್ನು ಅದು ಸುಲಭವಾಗಿ ಭೇದಿಸುತ್ತದೆ. ಆ ಸಣ್ಣ ರಂಧ್ರದಿಂದ ಕೊಳೆರೋಗದ ಸೂಕ್ಷ್ಮಜೀವಿಗಳು ಒಳಹೊಕ್ಕು ಹಣ್ಣು ಅಕಾಲದಲ್ಲಿ ಉದುರುತ್ತದೆ. ವರ್ಷದ ದುಡಿಮೆ ಮರದ ಬುಡದಲ್ಲಿ ಕೊಳೆಯುವುದನ್ನು ನೋಡಿದ ಬೆಳೆಗಾರನಿಗೆ ಪತಂಗದ ಚೆಲುವು ಹಿಡಿಸದಿದ್ದರೆ ಆಶ್ಚರ್ಯವೇನು?

ಹಾಗಾದರೆ ಪರಿಹಾರವೇನು? ಇದರ ಮರಿಹುಳು ಬೆಳೆಯುವುದು ಹಣ್ಣಿನ ಗಿಡದ ಮೇಲಲ್ಲ, ಅಮೃತಬಳ್ಳಿ ಮತ್ತು ಅದರ ಬಳಗದ ಕಾಡುಬಳ್ಳಿಗಳ ಮೇಲೆ. ಆದುದರಿಂದ ತೋಟಕ್ಕೆ ಔಷಧ ಸಿಂಪಡಿಸಿದರೆ ಹುಳುವಿಗೆ ತಾಗದು. ಬಳ್ಳಿಗಳನ್ನೇ ಕಿತ್ತೊಗೆಯಿರೆಂಬ ಸಲಹೆಯೂ ಉಂಟು. ಆದರೆ ಜ್ವರಕ್ಕೆ ಮದ್ದೆಂದು ಹಿರಿಯರು ಹಿತ್ತಿಲಿನಲ್ಲಿ ಹಬ್ಬಿಸಿದ ಬಳ್ಳಿ ಅದೇ ಅಲ್ಲವೇ? ತೋಟದ ಅಂಚಿನಲ್ಲಿ ಕಿತ್ತರೂ ಘಟ್ಟದ ಕಾಡಿನಲ್ಲೆಲ್ಲ ಕೀಳುವುದು ಸಾಧ್ಯವೂ ಅಲ್ಲ, ಸಲ್ಲದು ಕೂಡ. ಹಣ್ಣಿಗೆ ಚೀಲ ಕಟ್ಟುವುದು, ಸಂಜೆ ಹೊಗೆ ಹಾಕುವುದು, ಉದುರಿದ ಹಣ್ಣನ್ನು ಆಯ್ದು ಹೂಳುವುದು ಶ್ರಮದ ಕೆಲಸವೇ ಸರಿ; ಆದರೂ ಅವುಗಳಿಂದ ಕಾಡಿಗೆ ಕೇಡಿಲ್ಲ.

ಕಾಡಿನ ಮಗ್ಗುಲಲ್ಲಿ ತೋಟ ಮಾಡಿದವರು ನಾವು. ಪತಂಗವು ಅದಕ್ಕೂ ಮೊದಲಿನಿಂದ ಅಲ್ಲಿಯ ಒಕ್ಕಲು. ನಮ್ಮ ಹಣ್ಣನ್ನು ಕಾಯುವ ಹಕ್ಕು ನಮಗಿದೆ. ಅದರ ಬಳ್ಳಿಯನ್ನು ಅದಕ್ಕೆ ಉಳಿಸುವ ಹೊಣೆಯೂ ನಮ್ಮದೇ.